ಎತ್ತಿಗೆ ಮೇವು, ಕಾರಿಗೆ ಕರೆಂಟು

ಗಣಪತಿ ಹಬ್ಬಕ್ಕೆ ಪುಣೆಯಿಂದ ಅಕ್ಕನ ಮಗ ಬಂದಿದ್ದ. ಸಂಗಡ ಹೆಂಡತಿ, ಇಬ್ಬರು ಮಕ್ಕಳು, ಹೊಸ ಎಲೆಕ್ಟ್ರಿಕ್ ಕಾರು. ಬೆಳಗಾವಿಯ ಶಹಾಪುರದ ಹಳೆಯ ಗಲ್ಲಿಗಳನ್ನು ಕಂಡವರಿಗೆ ಗೊತ್ತು, ಅಲ್ಲಿನ ಮನೆಗಳು ಬೀದಿಗೆ ಹತ್ತಿಕೊಂಡೇ ಇರುತ್ತವೆ. ಕಾರಿಗೆಂದು ಜಾಗ ಬಿಟ್ಟು ಕಟ್ಟಿದ ಮನೆಗಳಲ್ಲ ಅವು. ಕಾರು ಕಟ್ಟೆಯ ಪಕ್ಕ ನಿಂತಿತು. ರಾತ್ರಿ ಊಟ ಮುಗಿದ ಮೇಲೆ ಹುಡುಗ ಡಿಕ್ಕಿಯಿಂದ ಚಾರ್ಜರ್ ತೆಗೆದು, ಕಿಟಕಿಯೊಳಗಿಂದ ವೈರು ಎಳೆದು, ಪಡಸಾಲೆಯ ಬೋರ್ಡಿಗೆ ಹಚ್ಚಿದ. ಫೋನ್ ಚಾರ್ಜಿಗೆ ಇಟ್ಟಷ್ಟೇ ಸಹಜವಾಗಿ ಹಚ್ಚಿದ. ನಾವೂ ಅಷ್ಟೇ ಸಹಜವಾಗಿ ನೋಡುತ್ತ ಕುಳಿತೆವು.

ಬೆಳಿಗ್ಗೆ ಅವ್ವ ಬೋರ್ಡಿನ ಮೇಲೆ ಕೈ ಇಟ್ಟು, ‘ಹಂಚ ಕಾದಂಗ ಕಾದೈತಲ್ಲೋ ಇದು’ ಅಂದಳು.

ಐದು ದಿನದಲ್ಲಿ ಎರಡು ಸಲ ಕಾರು ತುಂಬಿಕೊಂಡಿತು. ಒಟ್ಟು 45 ಯೂನಿಟ್ ಆಗಿರಬೇಕು. ನಮ್ಮ ಮನೆಯಲ್ಲಿ ತಿಂಗಳಿಗೆ 165ರಿಂದ 170 ಯೂನಿಟ್ ಖರ್ಚು, ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯ ಲೆಕ್ಕದಲ್ಲಿ ಬಿಲ್ ಶೂನ್ಯ. ಆ ತಿಂಗಳು ಮೀಟರ್ 212 ತೋರಿಸಿತು. 200 ದಾಟಿದರೆ ಹೆಚ್ಚಾದ 12 ಯೂನಿಟ್ಟಿಗೆ ಮಾತ್ರ ಹಣ ಕಟ್ಟಿ ಮುಗಿಯುವುದಿಲ್ಲ, ಮೊದಲ ಯೂನಿಟ್ಟಿನಿಂದ ಪೂರ್ತಿ ಬಿಲ್ ಕಟ್ಟಬೇಕು. ನಿಗದಿತ ಶುಲ್ಕ, ತೆರಿಗೆ ಎಲ್ಲ ಸೇರಿ ಸಾವಿರದ ಏಳುನೂರರ ಹತ್ತಿರ ಬಂತು. ಕಾರು ಕುಡಿದ ಕರೆಂಟಿನ ಬೆಲೆ ಮುನ್ನೂರೂ ಇರಲಿಲ್ಲ. ಅದು ಮೀಟರನ್ನು ಗಡಿ ದಾಟಿಸಿದ್ದಕ್ಕೆ ನಾವು ಅದರ ಆರು ಪಟ್ಟು ತೆತ್ತೆವು.

‘ಅವಗ ಹೇಳಬ್ಯಾಡ’ ಅಂದಳು ಅವ್ವ. ‘ಅಕ್ಕಗ ಕೆಟ್ಟ ಅನಸ್ತೈತಿ.’

ನಾನೂ ಹೇಳಲಿಲ್ಲ. ಹಣ ಹೋದದ್ದಕ್ಕೆ ನನಗೆ ಬೇಸರವಾಗಲಿಲ್ಲ, ಆಮೇಲೆ ಮನೆಯಲ್ಲಿ ಉಳಿದ ಆ ಮೌನ ಕೊರೆಯಿತು. ಮುಂದಿನ ಹಬ್ಬಕ್ಕೆ ಹುಡುಗ ಬರುತ್ತೇನೆ ಅಂದಾಗ ನಮ್ಮ ಮನಸ್ಸಿನಲ್ಲಿ ಮೊದಲು ಸುಳಿದದ್ದು ಅವನ ಮುಖವಲ್ಲ, ಅವನ ಕಾರು. ಅದು ನನಗೆ ನೋವು ತಂದಿತು. ಈ ಲೇಖನ ಹುಟ್ಟಿದ್ದು ಅಲ್ಲಿಂದ.

ಎತ್ತು ಹೋಗಿ ಎತ್ತು ಬಂತು

ಎಷ್ಟೋ ವರ್ಷ ನಮ್ಮ ಅತಿಥಿಗಳ ಗಾಡಿಗಳು ನಮ್ಮ ಮನೆಯಲ್ಲಿ ಏನನ್ನೂ ತಿನ್ನಲಿಲ್ಲ. ಪೆಟ್ರೋಲ್ ಕಾರು ಪಂಪಿನಲ್ಲಿ ಕುಡಿದು ಬರುತ್ತಿತ್ತು, ಮನೆ ಮುಂದೆ ತಣ್ಣಗೆ ನಿಲ್ಲುತ್ತಿತ್ತು, ಮತ್ತೆ ಪಂಪಿಗೆ ಹೋಗುತ್ತಿತ್ತು. ಬಂದವರಿಗೆ ಊಟ ಹಾಕಿದರೆ ಸಾಕು, ಅವರ ಗಾಡಿಗೆ ಏನಾದರೂ ಹಾಕಬೇಕೆಂಬ ಯೋಚನೆಯೇ ಬರುತ್ತಿರಲಿಲ್ಲ.

ಅದಕ್ಕೂ ಹಿಂದೆ ಹಾಗಿರಲಿಲ್ಲ. ಬೀಗರು ಚಕ್ಕಡಿ ಕಟ್ಟಿಕೊಂಡು ಬಂದರೆ ಎತ್ತಿನ ಹೊಟ್ಟೆಯೂ ಮನೆಯವರ ಲೆಕ್ಕಕ್ಕೆ ಸೇರುತ್ತಿತ್ತು. ಕೊರಳು ಬಿಚ್ಚಿ, ನೀರು ಕುಡಿಸಿ, ಗ್ವಾದಲಿಗೆ ಕಟ್ಟಿ, ಕಣಿಕಿ ಹಾಕಿದ ಮೇಲೆಯೇ ಗಂಡಸರು ಕೈಕಾಲು ತೊಳೆಯುತ್ತಿದ್ದರು. ಆದರೆ ಆ ಕಾಲದ ಜನಕ್ಕೆ ಒಂದು ಅಳತೆ ಗೊತ್ತಿತ್ತು. ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿಗಳನ್ನು ಕಂಡವರು ನೆನಪಿಸಿಕೊಳ್ಳಲಿ. ಒಳಗೆ ರೊಟ್ಟಿಯ ಗಂಟು, ಹಿಂದೆ ಮೇವಿನ ಹೊರೆ. ದಾರಿಯಲ್ಲಿ ಪರಿಚಯದವರ ಮನೆ ಇದ್ದರೂ ಎತ್ತಿನ ಮೇವು ತಮ್ಮದೇ. ಬೇಸಿಗೆಯಲ್ಲಿ ಬಣವಿ ಕರಗಿದ ಮನೆಗೆ ಹೋದರೆ ಮೇವಿನ ಮಾತೇ ಎತ್ತುತ್ತಿರಲಿಲ್ಲ. ಯಾರದೋ ಹಿತ್ತಲಿಗೆ ಹೋಗಿ, ಕೇಳದೆ ಬಣವಿ ಹಿರಿದು ಎತ್ತಿನ ಮುಂದೆ ಹಾಕುವುದಂತೂ ಊಹೆಗೂ ಮೀರಿದ ಮಾತು.

ಇಂದು ಎಲೆಕ್ಟ್ರಿಕ್ ಕಾರು ಮತ್ತೆ ಎತ್ತಿನ ಹಾಗೆ ನಮ್ಮ ಅಂಗಳಕ್ಕೆ ಹಸಿದು ಬರುತ್ತಿದೆ. ಗಾಡಿ ಮರಳಿ ಬಂತು, ಎತ್ತಿನ ಕಾಲದ ಅಳತೆ ಮರಳಿ ಬಂದಿಲ್ಲ.

ನಡುವೆ ಒಮ್ಮೆ ಇಂಥದೇ ಪ್ರಸಂಗವನ್ನು ನಾವು ನಿಭಾಯಿಸಿದ್ದೇವೆ. ಗಲ್ಲಿಗೊಂದು ಫೋನ್ ಇದ್ದ ಕಾಲದಲ್ಲಿ ಅಕ್ಕಪಕ್ಕದವರೆಲ್ಲ ತಮ್ಮ ಲಗ್ನಪತ್ರಿಕೆಯಲ್ಲಿ ಆ ಮನೆಯ ಸಂಖ್ಯೆಯನ್ನು ‘ಪಿಪಿ’ ಎಂದು ಅಚ್ಚು ಹಾಕಿಸುತ್ತಿದ್ದರು. ಬಂದ ಕರೆಗೆ ಯಾರೂ ದುಡ್ಡು ಕೇಳಲಿಲ್ಲ. ಊರೊಳಗಿನ ಕರೆಗೆ ಒಂದು ನಾಣ್ಯ ಫೋನಿನ ಪಕ್ಕ ಇಟ್ಟು ಬರುತ್ತಿದ್ದರು. ಎಸ್‌ಟಿಡಿ ಆದರೆ ‘ಒಂದ ಎಸ್‌ಟಿಡಿ ಮಾಡಬೇಕಿತ್ರೀ, ಎಷ್ಟ ಆಕ್ಕೈತಿ ಕೊಡ್ತೀನಿ’ ಎಂದು ಮೊದಲೇ ಹೇಳಿ ಮಾಡುತ್ತಿದ್ದರು. ಹಾಗೆ ಹೇಳಿದ್ದಕ್ಕೆ ಯಾವ ನೆರೆಹೊರೆಯ ನಂಟೂ ಕಡಿಯಲಿಲ್ಲ.

ಘಟ್ಟದ ಮೇಲಿನ ಮನೆ

ಖಾನಾಪುರ ತಾಲೂಕಿನಲ್ಲಿ ಈ ಪ್ರಶ್ನೆ ನೆಂಟರ ಮನೆಯನ್ನು ದಾಟಿ ಹೊಟ್ಟೆಪಾಡಿನ ಪ್ರಶ್ನೆಯಾಗಿದೆ. ಬೆಳಗಾವಿಯಿಂದ ಜಾಂಬೋಟಿ ದಾರಿ ಹಿಡಿದರೆ ಕಾಡು ಶುರುವಾಗುತ್ತದೆ. ಮುಂದೆ ಮಲಪ್ರಭೆ ಹುಟ್ಟುವ ಕಣಕುಂಬಿ, ಅದರಾಚೆ ಚೋರ್ಲಾ ಘಾಟು, ಇಳಿದರೆ ಗೋವಾ. ತೆಂಕಣಕ್ಕೆ 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಣೆಯಾದ ಭೀಮಗಡ, ಅದರ ಬಾರಾಪೇಡೆ ಗುಹೆಗಳಲ್ಲಿ ಜಗತ್ತಿನಲ್ಲೇ ಅಪರೂಪವಾದ ರಾಟನ್ ಬಾವಲಿ. ಮಳೆ ನೋಡಲು, ಕದಂಬರ ಹಲಸಿಯ ಗುಡಿಗಳನ್ನು ನೋಡಲು, ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನಿಗೆ ಕೈಮುಗಿಯಲು ಬರುವವರಿಗೆ ಈ ಭಾಗದ ಕೆಲವರು ತಮ್ಮ ಮನೆಯ ಒಂದೆರಡು ಕೋಣೆಗಳನ್ನು ಬಿಟ್ಟುಕೊಡುತ್ತಾರೆ.

ಜಾಂಬೋಟಿ ಕಡೆ ನನ್ನ ಗೆಳೆಯನೊಬ್ಬ ಹಾಗೆ ಎರಡು ಕೋಣೆ ನಡೆಸುತ್ತಾನೆ. ಗೋವಾದಿಂದ ಬರುವ ಎಲೆಕ್ಟ್ರಿಕ್ ಕಾರುಗಳು ಅವನ ಮನೆಗೆ ಬರುವ ಹೊತ್ತಿಗೆ ಬಳಲಿರುತ್ತವೆ. ಅದಕ್ಕೆ ಕಾರಣ ಏರು. ಜನ, ಸಾಮಾನು ಸೇರಿ ಎರಡು ಟನ್ ತೂಗುವ ಕಾರು ಸಮುದ್ರಮಟ್ಟದಿಂದ 800 ಮೀಟರ್ ಮೇಲಕ್ಕೆ ಬರಬೇಕಾದರೆ ಏರುವ ಕೆಲಸವೊಂದಕ್ಕೇ ನಾಲ್ಕು ಯೂನಿಟ್ಟಿಗಿಂತ ಹೆಚ್ಚು ಶಕ್ತಿ ಬೇಕು. ಸಪಾಟು ರಸ್ತೆಯಲ್ಲಿ ಅಷ್ಟರಲ್ಲಿ ಇಪ್ಪತ್ತೈದು ಕಿಲೋಮೀಟರ್ ಓಡಬಹುದಿತ್ತು. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಫಾಸ್ಟ್ ಚಾರ್ಜರ್‌ಗಳು ಸಿಗುತ್ತವೆ, ಕಾಡಿನ ದಾರಿಯಲ್ಲಿ ಸಿಗುವುದು ಕಷ್ಟ. ಹಾಗಾಗಿ ಅತಿಥಿಯ ಕಣ್ಣು ಮೊದಲು ಹುಡುಕುವುದು ಅಂಗಳದ ಪ್ಲಗ್ಗನ್ನು.

‘ದುಡ್ಡ ಕೇಳೂದಿಲ್ಲೇನು?’ ಅಂದೆ.

‘ಹೆಂಗ ಕೇಳೂದು? ಬಂದವರ ಮುಂದ ಮೀಟರ್ ಹಿಡೀಲಿಕ್ಕೆ ಬರತೈತೇನು? ನಾಳಿ ಹೊರಗ ಹೋಗಿ, ಊಟ ಚಲೋ ಇತ್ತು, ಆದ್ರ ಕರೆಂಟಿಗೂ ರೊಕ್ಕಾ ತಗೊಂಡ್ರು ಅಂತಾರ.’

ಅವನ ಲೆಕ್ಕ ಮಾಡಿ ನೋಡೋಣ. 45 ಯೂನಿಟ್ ಹಿಡಿಯುವ ಬ್ಯಾಟರಿ ಶೇ 20ರಿಂದ ಶೇ 80ಕ್ಕೆ ಬರಲು 27 ಯೂನಿಟ್ ಬೇಕು. ದಾರಿಯಲ್ಲಿ ಬಿಸಿಯಾಗಿ ಕಳೆದುಹೋಗುವುದು ಶೇ 10ರಿಂದ 15, ಹಾಗಾಗಿ ಮನೆಯ ಮೀಟರಿನಲ್ಲಿ 30ರ ಮೇಲೆ ಓಡಿರುತ್ತದೆ. 2025ರ ಏಪ್ರಿಲ್‌ನಿಂದ ಜಾರಿಗೆ ಬಂದ ಗೃಹಬಳಕೆ ದರ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ, ಅದರ ಮೇಲೆ ಪಿಂಚಣಿ ಸರ್‌ಚಾರ್ಜ್ 36 ಪೈಸೆ, ಆಮೇಲೆ ತೆರಿಗೆ; ಇದು 2025–26ರ ಲೆಕ್ಕ. ಅಂತೂ ಒಂದು ರಾತ್ರಿಗೆ ಇನ್ನೂರು ರೂಪಾಯಿ. ಅದೇ ಕರೆಂಟನ್ನು ಖಾಸಗಿ ಫಾಸ್ಟ್ ಚಾರ್ಜರಿನಲ್ಲಿ ಕೊಂಡರೆ ಯೂನಿಟ್ಟಿಗೆ ಇಪ್ಪತ್ತರ ಆಸುಪಾಸು, ಅಂದರೆ ಆರುನೂರು. ಅತಿಥಿಗೆ ಆರುನೂರು ಉಳಿಯಿತು, ಮನೆಯವನಿಗೆ ಇನ್ನೂರು ಹೋಯಿತು. ವಾರಾಂತ್ಯಕ್ಕೆ ಎರಡು ಕಾರು ಬಂದರೆ ತಿಂಗಳಿಗೆ ಸಾವಿರದಾರುನೂರು. ಎರಡು ಕೋಣೆ ಇಟ್ಟುಕೊಂಡವನಿಗೆ ಅದು ಅಡುಗೆಯವಳ ವಾರದ ಪಗಾರ.

ಹಣಕ್ಕಿಂತ ದೊಡ್ಡದು ವೈರು

ಇಷ್ಟೆಲ್ಲ ಹೇಳಿದರೂ ನನಗೆ ದುಡ್ಡಿಗಿಂತ ಹೆಚ್ಚು ಭಯ ಹುಟ್ಟಿಸುವುದು ಅವ್ವನ ಕೈಗೆ ಬಿಸಿ ತಾಗಿದ ಆ ಬೋರ್ಡು.

ಮನೆಯ 15 ಆಂಪಿಯರ್ ಪ್ಲಗ್ಗಿನಿಂದ ಕಾರು ಸುಮಾರು ಮೂರು ಕಿಲೋವಾಟ್ ಎಳೆಯುತ್ತದೆ. ಶಹಾಪುರ, ವಡಗಾವಿ, ಖಾಸಬಾಗದ ನೇಕಾರರಿಗೆ ಅವರ ಭಾಷೆಯಲ್ಲೇ ಹೇಳಬೇಕೆಂದರೆ, ಒಂದು ಎಚ್‌ಪಿಯ ನಾಲ್ಕು ಮಗ್ಗದ ಮೋಟಾರು ಒಂದೇ ಪ್ಲಗ್ಗಿನಿಂದ ಓಡಿದಂತೆ. ‘ಗೀಜರ್ರೂ ಅಷ್ಟ ಎಳೀತೈತಲ್ರೀ’ ಎಂದು ಕೇಳುವವರಿದ್ದಾರೆ. ಎಳೆಯುತ್ತದೆ, ಆದರೆ ಕಾಲು ತಾಸು ಎಳೆದು ನಿಲ್ಲುತ್ತದೆ. ಕಾರು ಹತ್ತು ತಾಸು ಬಿಡದೆ ಎಳೆಯುತ್ತದೆ, ಅದೂ ಮನೆಮಂದಿಯೆಲ್ಲ ಮಲಗಿರುವಾಗ. ಇಪ್ಪತ್ತು ವರ್ಷದ ಹಿಂದೆ ಹಾಕಿದ ಸಣ್ಣ ವೈರು, ಸಡಿಲಾದ ಪ್ಲಗ್ಗು, ಅದಕ್ಕೊಂದು ಅಡಾಪ್ಟರ್, ಅದರ ಮುಂದೆ ಎಕ್ಸ್‌ಟೆನ್ಷನ್ ಬಾಕ್ಸು. ಹೀಗೆ ಒಂದಕ್ಕೊಂದು ಸಿಕ್ಕಿಸುತ್ತ ಹೋದ ಕಡೆಯಲ್ಲೆಲ್ಲ ಶಾಖ ಕೂಡುತ್ತ ಹೋಗುತ್ತದೆ.

ಎರಡನೆಯದು ಅರ್ಥಿಂಗ್. ಕಾರಿನ ಚಾರ್ಜರ್ ಕೆಲಸ ಶುರು ಮಾಡುವ ಮೊದಲು ಅರ್ಥಿಂಗ್ ಸರಿಯಿದೆಯೇ ಎಂದು ತಾನೇ ಪರೀಕ್ಷಿಸುತ್ತದೆ, ಇಲ್ಲದಿದ್ದರೆ ಕೆಂಪು ದೀಪ ತೋರಿಸಿ ನಿಲ್ಲುತ್ತದೆ. ಹಳ್ಳಿಯ ಅನೇಕ ಮನೆಗಳಲ್ಲಿ ಅರ್ಥಿಂಗ್ ಗುಂಡಿ ಒಣಗಿರುತ್ತದೆ ಅಥವಾ ಇರುವುದೇ ಇಲ್ಲ. ಆಗ ಕೆಲವರು ಚಾರ್ಜರನ್ನು ನಂಬಿಸಲು ಒಂದು ಸುಳ್ಳು ಜೋಡಣೆ ಮಾಡಿಕೊಳ್ಳುತ್ತಾರೆ. ಇದನ್ನು ಯಾರೂ, ಯಾವ ಕಾರಣಕ್ಕೂ ಮಾಡಬಾರದು. ಜೂನ್, ಜುಲೈ ತಿಂಗಳಲ್ಲಿ ಕಣಕುಂಬಿಯಲ್ಲಿ ಸುರಿಯುವ ಮಳೆಯನ್ನು ಕಂಡವರು ಆ ತೊಯ್ದ ಅಂಗಳದಲ್ಲಿ ಬರಿಗಾಲಲ್ಲಿ ಓಡುವ ಮಗುವನ್ನು ಒಮ್ಮೆ ನೆನೆಯಲಿ. ಕೆಂಪು ದೀಪ ಬಂದರೆ ಆ ಮನೆಯಲ್ಲಿ ಚಾರ್ಜಿಂಗ್ ಇಲ್ಲ, ಅಷ್ಟೇ.

ಮೂರನೆಯದು ಯಾವ ಮೀಟರಿನಿಂದ ಎಳೆಯುತ್ತೇವೆ ಎಂಬುದು. ತೋಟದ ಮನೆಯಲ್ಲಿ ಉಳಿದ ಅತಿಥಿಗೆ ಪಂಪ್‌ಸೆಟ್ಟಿನ ಪೆಟ್ಟಿಗೆ ಹತ್ತಿರ ಕಂಡೀತು. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ಕರೆಂಟ್ ಉಚಿತ. ಅದು ಬೆಳೆಗೆ ಕೊಟ್ಟದ್ದು, ಕಾರಿಗೆ ಕೊಟ್ಟದ್ದಲ್ಲ. ನೇಕಾರರ ಮಗ್ಗಕ್ಕೆ ಸಿಗುವ ರಿಯಾಯಿತಿ ಕರೆಂಟೂ ಹಾಗೆಯೇ. ಒಂದು ಕೆಲಸಕ್ಕೆಂದು ಪಡೆದ ಸಂಪರ್ಕವನ್ನು ಇನ್ನೊಂದಕ್ಕೆ ಬಳಸುವುದು 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನ ಪ್ರಕಾರ ಅನಧಿಕೃತ ಬಳಕೆ. ಅನ್ವಯಿಸುವ ದರದ ಎರಡು ಪಟ್ಟು ಕಟ್ಟಬೇಕಾಗುತ್ತದೆ. ನೋಟಿಸ್ ಬರುವುದು ಮನೆಯ ಯಜಮಾನನ ಹೆಸರಿಗೆ. ಅಷ್ಟರಲ್ಲಿ ಅತಿಥಿ ಪಣಜಿ ಮುಟ್ಟಿರುತ್ತಾನೆ.

ಎ.ಸಿ.ಗೆ ಕೇಳದವರು ಕಾರಿಗೆ ಯಾಕೆ?

ಇದು ಅತಿಥಿಗಳ ಪ್ರಶ್ನೆ, ನ್ಯಾಯವಾದ ಪ್ರಶ್ನೆಯೂ ಹೌದು. ಬಾಡಿಗೆ ಕೊಟ್ಟಿದ್ದೇವೆ, ಬಿಸಿನೀರು ಸುರಿದುಕೊಂಡೆವು, ಫ್ಯಾನು ತಿರುಗಿಸಿದೆವು, ಯಾರೂ ಲೆಕ್ಕ ಕೇಳಲಿಲ್ಲ. ಪ್ಲಗ್ ಎದುರಿಗೇ ಇತ್ತು, ಬೇಡ ಎಂದು ಯಾರೂ ಹೇಳಿರಲಿಲ್ಲ. ಕಳ್ಳತನ ಮಾಡಿದೆವೇ?

ಇಲ್ಲ, ಇದನ್ನು ಕಳ್ಳತನ ಎನ್ನಲು ನನಗೆ ಮನಸ್ಸಿಲ್ಲ. ಹೊರದೇಶಗಳಲ್ಲಿ ಅಲ್ಲಿಯವರೆಗೂ ಹೋದದ್ದುಂಟು. 2013ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಒಬ್ಬರು ಶಾಲೆಯ ಹೊರಗಿನ ಪ್ಲಗ್ಗಿಗೆ ಇಪ್ಪತ್ತು ನಿಮಿಷ ಕಾರು ಹಚ್ಚಿದ್ದರು. ಅವರು ಎಳೆದ ಕರೆಂಟಿನ ಬೆಲೆ ಐದು ಸೆಂಟ್, ಆದರೂ ಪೊಲೀಸರು ಬಂಧಿಸಿದರು. ಇಂಗ್ಲೆಂಡಿನಲ್ಲಿ 1968ರ ಕಳ್ಳತನ ಕಾಯ್ದೆಯಲ್ಲಿ, ಹಕ್ಕಿಲ್ಲದೆ ವಿದ್ಯುತ್ ಬಳಸಿಕೊಳ್ಳುವುದಕ್ಕೆಂದೇ ಒಂದು ಕಲಮಿದೆ. ನೆಂಟಸ್ತನದ ಮಾತನ್ನು ಪೊಲೀಸರ ತನಕ ಒಯ್ಯುವುದು ನಮ್ಮ ದಾರಿಯಾಗಬಾರದು.

ಆದರೆ ಎ.ಸಿ.ಗೂ ಕಾರಿಗೂ ವ್ಯತ್ಯಾಸವಿದೆ. ಫ್ಯಾನು, ದೀಪ, ಬಿಸಿನೀರು ಇವೆಲ್ಲ ಆ ಮನೆಯಲ್ಲಿ ಇರುವುದರ ಭಾಗ, ಮನೆಯಲ್ಲಿ ಉಂಡ ಊಟದ ಹಾಗೆ. ಕಾರಿಗೆ ತುಂಬಿದ ಕರೆಂಟು ಅತಿಥಿಯ ಸಂಗಡ ಹೊರಟುಹೋಗುತ್ತದೆ, ಇನ್ಯಾವುದೋ ಊರಿನ ರಸ್ತೆಯಲ್ಲಿ ಖರ್ಚಾಗುತ್ತದೆ. ಅದು ಊಟವಲ್ಲ, ಬುತ್ತಿ. ನಮ್ಮ ಕಡೆ ಬಂದವರನ್ನು ಬುತ್ತಿ ಕಟ್ಟದೆ ಕಳಿಸುವ ಮನೆಯೇ ಇಲ್ಲ. ರೊಟ್ಟಿ, ಶೇಂಗಾ ಚಟ್ನಿ, ಮೇಲೊಂದಿಷ್ಟು ಕುಂದಾ. ಕಟ್ಟಿಕೊಟ್ಟ ಬುತ್ತಿ ಪ್ರೀತಿ. ಅತಿಥಿಯೇ ಅಡುಗೆಮನೆಗೆ ಹೋಗಿ, ಯಾರನ್ನೂ ಕೇಳದೆ ಡಬ್ಬಿ ತುಂಬಿಕೊಂಡರೆ ಅದಕ್ಕೆ ಆ ಹೆಸರು ಕೊಡಲಾಗದು. ಎರಡರಲ್ಲೂ ಹೋಗುವ ರೊಟ್ಟಿ ಅಷ್ಟೇ. ಮೊದಲನೆಯದರಲ್ಲಿ ಮನೆಯಾಕೆಗೆ ಕೊಟ್ಟ ಸಂತೋಷ ಉಳಿಯುತ್ತದೆ, ಎರಡನೆಯದು ಆ ಸಂತೋಷವನ್ನೂ ಎತ್ತಿಕೊಂಡು ಹೋಗುತ್ತದೆ.

ಇಷ್ಟೇ ಕಳಕಳಿಯಿಂದ ಮನೆಯವರಿಗೂ ಒಂದು ಮಾತು ಹೇಳಬೇಕು. ಬಾಯಿ ಬಿಟ್ಟು ಹೇಳದೆ ಒಳಗೇ ಲೆಕ್ಕ ಬರೆದುಕೊಳ್ಳುವುದು ಔದಾರ್ಯವಲ್ಲ. ಉಂಡ ಮನೆಯ ಜಂತಿ ಎಣಿಸಬಾರದು ಎಂದು ಅತಿಥಿಗೆ ಬುದ್ಧಿ ಹೇಳುವ ನಾವು, ಉಣ್ಣಿಸಿ ಆಮೇಲೆ ತುತ್ತು ಎಣಿಸುತ್ತ ಕೂಡಬಾರದು. ನಾನು ಮಾಡಿದ ತಪ್ಪು ಅದೇ.

ಮೊದಲೇ ಆಡಬೇಕಾದ ಮಾತು

ಕಾನೂನು ಈ ವಿಷಯದಲ್ಲಿ ದಾರಿ ಸುಗಮ ಮಾಡಿದೆ. ವಾಹನಕ್ಕೆ ಚಾರ್ಜ್ ಮಾಡಿಕೊಡುವುದು ಕರೆಂಟ್ ಮಾರಾಟವಲ್ಲ, ಒಂದು ಸೇವೆ, ಅದಕ್ಕೆ ಲೈಸೆನ್ಸ್ ಬೇಕಿಲ್ಲ ಎಂದು ಕೇಂದ್ರ ವಿದ್ಯುತ್ ಸಚಿವಾಲಯ 2018ರ ಏಪ್ರಿಲ್‌ನಲ್ಲೇ ಸ್ಪಷ್ಟಪಡಿಸಿದೆ. ಮನೆಯಲ್ಲಿರುವ ಸಂಪರ್ಕದಿಂದಲೇ ಕಾರಿನ ಮಾಲೀಕರು ತಮ್ಮ ಕಾರಿಗೆ ಚಾರ್ಜ್ ಮಾಡಿಕೊಳ್ಳಬಹುದು ಎಂದು 2024ರ ಸೆಪ್ಟೆಂಬರ್ ಮಾರ್ಗಸೂಚಿ ಹೇಳುತ್ತದೆ. ಇವಿ ಚಾರ್ಜಿಂಗಿಗೆಂದೇ ನಮ್ಮ ರಾಜ್ಯದಲ್ಲಿ ಬೇರೆ ದರದ ವರ್ಗವೂ ಇದೆ. ಎಲೆಕ್ಟ್ರಿಕ್ ವಾಹನಗಳಿಗೆ ದೇಶದಲ್ಲಿ ಮೊದಲು ನೀತಿ ರೂಪಿಸಿದ್ದೂ ಕರ್ನಾಟಕವೇ, 2017ರಲ್ಲಿ. ಅದಕ್ಕೂ ಮುಂಚೆ, 2001ರಲ್ಲಿ ಬೆಂಗಳೂರಿನ ರೇವಾ ಕಾರು ಮನೆಯ 15 ಆಂಪಿಯರ್ ಪ್ಲಗ್ಗಿನಿಂದ ಚಾರ್ಜ್ ಆಗಿ ಓಡಿತ್ತು.

ಹೋಂಸ್ಟೇ ನಡೆಸುವವರು ಕರೆಂಟ್ ಪೂರೈಸುವ ಹೆಸ್ಕಾಂ ಕಚೇರಿಗೆ ಹೋಗಿ ತಮ್ಮ ಸಂಪರ್ಕ ಯಾವ ವರ್ಗದ್ದು, ಮಂಜೂರಾದ ಲೋಡ್ ಎಷ್ಟು ಎಂದು ಮೊದಲು ತಿಳಿದುಕೊಳ್ಳಬೇಕು. ಎರಡು ಕಿಲೋವಾಟ್ ಮಂಜೂರಾದ ಮನೆಗೆ ಮೂರು ಕಿಲೋವಾಟ್ ಕಾರು ಹಚ್ಚುವುದು ಸರಿಯಲ್ಲ. ಅಂಗಳದಲ್ಲಿ ಮಳೆ ತಾಗದ ಕಡೆ ಕಾರಿಗೆಂದೇ ಒಂದು ಪ್ಲಗ್, ಅದಕ್ಕೆ ಮೀಟರ್ ಬೋರ್ಡಿನಿಂದ ನೇರವಾಗಿ ದಪ್ಪ ವೈರು, ಬೇರೆ ಎಂಸಿಬಿ, ಸೋರುವ ಕರೆಂಟನ್ನು ಹಿಡಿದು ಕಡಿಯುವ ಆರ್‌ಸಿಸಿಬಿ, ಒಳ್ಳೆಯ ಅರ್ಥಿಂಗ್, ಸಾವಿರ ರೂಪಾಯಿ ಆಸುಪಾಸಿನ ಒಂದು ಸಬ್‌ಮೀಟರ್. ಪಕ್ಕದಲ್ಲಿ ಯೂನಿಟ್ಟಿಗೆ ಎಷ್ಟು ಎಂದು ಬರೆದ ಒಂದು ಹಲಗೆ. ಕೋಣೆ ಗೊತ್ತು ಮಾಡುವ ಫೋನಿನಲ್ಲೇ ‘ಕಾರು ಎಲೆಕ್ಟ್ರಿಕ್ ಏನ್ರೀ?’ ಎಂಬ ಒಂದು ಪ್ರಶ್ನೆ. ಅಷ್ಟಾದರೆ ಬೆಳಿಗ್ಗೆ ಯಾರೂ ಯಾರ ಮುಖ ನೋಡಿ ಹಿಂಜರಿಯಬೇಕಿಲ್ಲ. ಚಾರ್ಜಿಂಗ್ ಇದೆ ಎಂದು ಹೇಳಿಕೊಳ್ಳುವ ಮನೆಗೆ ಅತಿಥಿಗಳೂ ಹೆಚ್ಚು ಬರುತ್ತಾರೆ.

ಅತಿಥಿಗಳು ಮಾಡಬೇಕಾದದ್ದು ಇನ್ನೂ ಸರಳ. ಹಚ್ಚುವ ಮೊದಲು ಕೇಳಿ. ಹೆದ್ದಾರಿಯಲ್ಲಿ ತುಂಬಿಸಿಕೊಳ್ಳಲು ಸಾಧ್ಯವಿದ್ದರೆ ತುಂಬಿಸಿಕೊಂಡೇ ಘಟ್ಟದ ದಾರಿ ಹಿಡಿಯಿರಿ. ಮನೆಯವರು ಬೇಡ ಎಂದರೂ ಯೂನಿಟ್ ಲೆಕ್ಕ ಹಾಕಿ ಕೊಟ್ಟು ಹೋಗಿ. ಕಣಕುಂಬಿಯಿಂದ ಗೋವಾಕ್ಕೆ ಇಳಿಯುವವರು ಶೇ 100 ತುಂಬಿಸಿಕೊಳ್ಳುವುದು ದಂಡ. ಇಳಿಜಾರಿನಲ್ಲಿ ಬ್ರೇಕಿನಿಂದ ಹುಟ್ಟುವ ಕರೆಂಟನ್ನು ಕಾರು ಮರಳಿ ಬ್ಯಾಟರಿಗೆ ತುಂಬಿಕೊಳ್ಳುತ್ತದೆ. ಬ್ಯಾಟರಿ ಮೊದಲೇ ತುಂಬಿದ್ದರೆ ಅದಕ್ಕೆ ಜಾಗವೇ ಇರುವುದಿಲ್ಲ. ಘಟ್ಟದ ಮೇಲಿನ ಮನೆಯಿಂದ ಶೇ 80ಕ್ಕೆ ಹೊರಟರೆ ಮನೆಯವರ ಕರೆಂಟೂ ಉಳಿಯುತ್ತದೆ, ಚೋರ್ಲಾದ ಇಳಿಜಾರು ನಿಮಗೆ ಪುಕ್ಕಟೆ ಕೊಡುವುದನ್ನು ಪಡೆದಂತೆಯೂ ಆಗುತ್ತದೆ.

ನೆಂಟರ ಮನೆಗೆ ಹೋಗುವವರು ಇನ್ನೊಂದು ಮಾತು ನೆನಪಿಡಬೇಕು. 2023ರ ಜುಲೈನಲ್ಲಿ ಜಾರಿಗೆ ಬಂದ ಗೃಹಜ್ಯೋತಿಯಲ್ಲಿ ಪ್ರತಿ ಮನೆಗೂ ಅದರ ಹಿಂದಿನ ಸರಾಸರಿ ಬಳಕೆಯ ಮೇಲೆ ಒಂದಿಷ್ಟು ಸೇರಿಸಿ ಮಿತಿ ಹಾಕಿದ್ದಾರೆ. ಅದನ್ನು ದಾಟಿದರೆ ಹೆಚ್ಚಿನದಕ್ಕೆ ಹಣ, 200 ದಾಟಿದರೆ ಎಲ್ಲದಕ್ಕೂ ಹಣ. ಶೂನ್ಯ ಬಿಲ್ಲಿನ ಮೇಲೆ ತಿಂಗಳ ಲೆಕ್ಕ ಕೂಡಿಸಿಕೊಂಡ ಮನೆಯಲ್ಲಿ ನಿಮ್ಮ ಒಂದು ರಾತ್ರಿಯ ಚಾರ್ಜು ಔಷಧದ ದುಡ್ಡನ್ನು ಎಳೆದೀತು. ಅವರು ಹೇಳುವುದಿಲ್ಲ. ಹೇಳುವುದಿಲ್ಲ ಎಂದು ಗೊತ್ತಿರುವುದರಿಂದಲೇ ನೀವು ಕೇಳಬೇಕು.

ಕೊನೆಗೆ ನಾನು ಅಕ್ಕನ ಮಗನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬೋರ್ಡು ಬಿಸಿಯಾದದ್ದು, ಮೀಟರ್ 200 ದಾಟಿದ್ದು, ಅವ್ವ ಹೇಳಬೇಡ ಎಂದದ್ದು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಮಾಮಾ, ಆಗ ಯಾಕ ಹೇಳಲಿಲ್ರಿ? ನನಗ ಗೊತ್ತ ಇರಲಿಲ್ಲ’ ಅಂದ. ಅವನಿಗೆ ನೋವಾಗಿದ್ದು ಹಣದ ಮಾತಿಗಲ್ಲ, ನಾವು ಅವನನ್ನು ಹೊರಗಿನವನಂತೆ ಕಂಡು ಸುಮ್ಮನಿದ್ದದ್ದಕ್ಕೆ.

ವೈರ್‌ಮನ್ ಬಂದು ಕಟ್ಟೆಯ ಪಕ್ಕ ಬೇರೆ ಪ್ಲಗ್, ಸಬ್‌ಮೀಟರ್ ಹಾಕಿಹೋದ. ದೀಪಾವಳಿಗೆ ಹುಡುಗ ಬಂದಾಗ ಹೆದ್ದಾರಿಯಲ್ಲೇ ತುಂಬಿಸಿಕೊಂಡು ಬಂದಿದ್ದ, ಮೂರು ದಿನ ಕಾರು ಸುಮ್ಮನೆ ನಿಂತಿತ್ತು. ಹೊರಡುವ ಹಿಂದಿನ ರಾತ್ರಿ ಅವ್ವ ಅಡುಗೆಮನೆಯಿಂದಲೇ ನನ್ನನ್ನು ಕರೆದು, ಈ ತಿಂಗಳು ಎಷ್ಟು ಯೂನಿಟ್ ಆಗಿದೆ ನೋಡಿ ಬಾ ಅಂದಳು. ನೋಡಿ ಬಂದು ಹೇಳಿದೆ. ರೊಟ್ಟಿಯ ಗಂಟು ಬಿಗಿಯುತ್ತ ಅಂದಳು:

‘ಇನ್ನೂ ಜಾಗ ಐತಲ್ಲ. ಕೊಲ್ಲಾಪುರ ಮುಟ್ಟೂವಷ್ಟ ಅವನ ಕಾರಿಗೂ ಬುತ್ತಿ ಕಟ್ಟು.’